ಪೆಟ್ರೋಲು ನಮ್ದು, ದಾರಿ ಯಾರ್ದು?

"ಎರಡು ದಿನ ಕಬಡ್ಡಿ ಐತಪ್ಪ, ಫೋಟೋಕ್ಕೆ ಬಂದುಬಿಡು. ಆರು ಸಾವಿರ ಕೊಡ್ತೀವಿ. ಪೆಟ್ರೋಲು ನಮ್ದು."

ಆದೋನಿ ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ನನ್ನ ಎದುರಿಗೆ ಕೂತು ಒಗ್ಗಾಣಿ ಬಜ್ಜಿ ತಿನ್ನುತ್ತಿದ್ದ ಹುಡುಗನಿಗೆ ಬಂದ ಫೋನು ಇದು. ಕೈಗೆ ಎಣ್ಣೆ ಹತ್ತಿದ್ದರಿಂದ ಸ್ಪೀಕರ್ ಹಾಕಿದ್ದ, ನನಗೂ ಕೇಳಿಸಿತು. "ಆಯ್ತಣ್ಣ, ಬರ್ತೀನಿ" ಅಂದ. ವ್ಯಾಪಾರ ಅರ್ಧ ನಿಮಿಷಕ್ಕೆ ಮುಗಿಯಿತು. ಆಮೇಲೆ ನನ್ನ ಮುಖ ನೋಡಿದ. "ಕಮ್ಮಿ ಆಯ್ತೇನ್ರೀ ಅಣ್ಣಾ?"

ಕಮ್ಮಿಯೋ ಜಾಸ್ತಿಯೋ ಹೇಳಬೇಕಾದರೆ ಮೊದಲು ಒಂದು ಲೆಕ್ಕ ಬೇಕಲ್ಲ. ಅವನ ಹತ್ತಿರ ಅದು ಇರಲಿಲ್ಲ. ಹದಿನೈದು ವರ್ಷ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಬಳ್ಳಾರಿಯಿಂದ ಕರ್ನೂಲಿನವರೆಗೆ ತಿರುಗಿದ ನನ್ನ ಹತ್ತಿರವೂ ಬಹಳ ಕಾಲ ಇರಲಿಲ್ಲ. ಪಕ್ಕದವನು ಎಷ್ಟು ತಗೊಂಡ ಅಂತ ಕೇಳುವುದು, ಅದಕ್ಕಿಂತ ಐನೂರು ಕಮ್ಮಿ ಹೇಳುವುದು, ಇಷ್ಟೇ ನಮ್ಮ ಅರ್ಥಶಾಸ್ತ್ರ. ಆವತ್ತು ಬಜ್ಜಿ ಕಟ್ಟಿಕೊಟ್ಟ ಕಾಗದದ ಎಣ್ಣೆ ಹತ್ತದ ಮೂಲೆಯಲ್ಲಿ ಇಬ್ಬರೂ ಕೂತು ಬರೆದೆವು. ಆ ಕಾಗದದ ಲೆಕ್ಕವನ್ನೇ ಇಲ್ಲಿ ಬಿಚ್ಚಿಡುತ್ತಿದ್ದೇನೆ. ಅಂಕಿಗಳು ಆ ಹುಡುಗನವು. ನಿಮ್ಮವು ಬೇರೆ ಇರುತ್ತವೆ, ಲೆಕ್ಕದ ದಾರಿ ಮಾತ್ರ ಒಂದೇ.

ಪಂದ್ಯ ಕರ್ನೂಲಿನಲ್ಲಿ. ಎಮ್ಮಿಗನೂರಿನ ಮೇಲೆ ಹೋದರೆ ಹತ್ತಿರ ಹತ್ತಿರ ನೂರು ಕಿಲೋಮೀಟರ್. ಆದೋನಿ ಮುಂಬೈ–ಚೆನ್ನೈ ರೈಲು ಮಾರ್ಗದ ಮೇಲಿರುವ ಊರು, ರಾಯಚೂರಿಗೂ ಗುಂತಕಲ್ಲಿಗೂ ಬೇಕಾದಷ್ಟು ಗಾಡಿಗಳಿವೆ. ಸ್ವಂತ ಜಿಲ್ಲಾ ಕೇಂದ್ರಕ್ಕೆ ಮಾತ್ರ ಗುಂತಕಲ್, ಡೋನ್ ಸುತ್ತಿಕೊಂಡು ಹೋಗಬೇಕು. ಹಾಗಾಗಿ ಬೈಕೇ ಗತಿ. ಮೊದಲ ದಿನ ಬೆಳಗಿನ ಜಾವ ಹೊರಡಬೇಕು. ಎರಡನೇ ದಿನ ಫೈನಲ್ಲು ಫ್ಲಡ್‌ಲೈಟಿನಲ್ಲಿ. ಕಪ್ಪು ಕೊಟ್ಟು, ಶಾಸಕರು ಮಾತಾಡಿ, ಗ್ರೂಪ್ ಫೋಟೋ ಆಗುವಷ್ಟರಲ್ಲಿ ನಡುರಾತ್ರಿ.

"ರೂಮು ಯಾಕ್ರೀ, ರಾತ್ರಿನೇ ಬಂದುಬಿಡ್ತೀನಿ" ಅಂದ ಹುಡುಗ. ಇಲ್ಲೇ ನನಗೆ ಸಿಟ್ಟು ಬಂತು. ಹತ್ತಿಯ ಸೀಸನ್ನಿನಲ್ಲಿ ಆದೋನಿ ಮಾರ್ಕೆಟ್ಟಿಗೆ ಬರುವ ಟ್ರಾಕ್ಟರುಗಳನ್ನು ರಾತ್ರಿ ಹೊತ್ತು ನೋಡಿದವರಿಗೆ ಗೊತ್ತು: ಟ್ರಾಲಿಗಿಂತ ಎರಡರಷ್ಟು ಅಗಲಕ್ಕೆ ಉಬ್ಬಿದ ಹೊರೆ, ಹಿಂದೆ ಕೆಂಪು ದೀಪವಿಲ್ಲ, ಹತ್ತಿರ ಬರುವ ತನಕ ಅದು ರಸ್ತೆಯೋ ಹತ್ತಿಯೋ ತಿಳಿಯುವುದಿಲ್ಲ. ಎರಡು ದಿನ ನಿಂತು ಸವೆದ ಕಾಲು, ಬೆನ್ನಿಗೆ ನಾಲ್ಕು ಲಕ್ಷದ ಚೀಲ, ನಿದ್ದೆಗೆಟ್ಟ ಕಣ್ಣು. ಎಂಟು ನೂರು ರೂಪಾಯಿ ಉಳಿಸಲು ಈ ಮೂರನ್ನೂ ಆ ರಸ್ತೆಗೆ ಬಿಡಬಾರದು. ರೂಮಿನ ಬಾಡಿಗೆಯನ್ನು ಐಷಾರಾಮಿ ಅಂತ ತಿಳಿಯುವುದೇ ತಪ್ಪು. ಲೆನ್ಸಿನಷ್ಟೇ ಅದೂ ಈ ಕಸುಬಿನ ಸಾಮಾನು.

ಆದ್ದರಿಂದ ಎರಡು ರಾತ್ರಿ ರೂಮು, 1,600. ಮೂರು ದಿನದ ಊಟ, ಚಹಾ 900. ಬೈಕು ಹೋಗಿಬರುವ ಇನ್ನೂರು ಕಿಲೋಮೀಟರಿಗೆ ಪೆಟ್ರೋಲು ಐನೂರರ ಹತ್ತಿರ. ಆದರೆ ಬೈಕು ಕುಡಿಯುವುದು ಪೆಟ್ರೋಲನ್ನಷ್ಟೇ ಅಲ್ಲ. ಟೈರು, ಚೈನು, ಆಯಿಲು, ಸರ್ವೀಸು, ಇನ್ಶೂರೆನ್ಸು, ಐದು ವರ್ಷದಲ್ಲಿ ಇಳಿದುಹೋಗುವ ಬೆಲೆ ಎಲ್ಲ ಸೇರಿಸಿದರೆ ಪೆಟ್ರೋಲಿನಷ್ಟೇ ಇನ್ನೊಂದು ಮೊತ್ತ. ಅಂದರೆ ಕಿಲೋಮೀಟರಿಗೆ ಐದು ರೂಪಾಯಿ, ಒಟ್ಟು ಸಾವಿರ. ಅಮೆರಿಕದ ತೆರಿಗೆ ಇಲಾಖೆ ಕೆಲಸಕ್ಕಾಗಿ ಓಡಿಸಿದ ಕಾರಿಗೆ ಮೈಲಿಗೆ ಇಷ್ಟು ಅಂತ ಪ್ರತಿ ವರ್ಷ ಒಂದು ದರ ಪ್ರಕಟಿಸುತ್ತದೆ. 2025ರಲ್ಲಿ ಅದು ಮೈಲಿಗೆ 70 ಸೆಂಟ್ ಇತ್ತು. ಅದರಲ್ಲಿ ಇಂಧನದ ಪಾಲು ಒಂದು ಭಾಗ ಮಾತ್ರ, ಉಳಿದದ್ದು ಗಾಡಿಯ ಸವೆತ, ರಿಪೇರಿ, ಇನ್ಶೂರೆನ್ಸು. "ಪೆಟ್ರೋಲು ನಮ್ದು" ಅನ್ನುವವರು ಒಳ್ಳೆಯ ಮನಸ್ಸಿನಿಂದಲೇ ಅನ್ನುತ್ತಾರೆ. ದಾರಿಯ ಅರ್ಧ ಖರ್ಚು ಮಾತ್ರ ತಮ್ಮದು ಮಾಡಿಕೊಂಡಿದ್ದೇವೆ ಅನ್ನುವುದು ಅವರಿಗೂ ಗೊತ್ತಿರುವುದಿಲ್ಲ.

ಪೆಟ್ರೋಲಿನ ಮಾತು ಬಂದದ್ದಕ್ಕೆ ಒಂದು ಗಡಿನಾಡಿನ ಸಂಗತಿ. ಆಂಧ್ರದ ಬಂಕಿನಲ್ಲಿ ಲೀಟರಿಗೆ ಕರ್ನಾಟಕಕ್ಕಿಂತ ಕೆಲವು ರೂಪಾಯಿ ಜಾಸ್ತಿ. ಆಲೂರು, ಹಾಲಹರ್ವಿ ಕಡೆಯವರು ಬಳ್ಳಾರಿಗೆ ಹೋದಾಗ ಟ್ಯಾಂಕು ತುಂಬಿಸಿಕೊಂಡೇ ಬರುತ್ತಾರೆ. ನಮ್ಮ ಹುಡುಗನೂ ಹಾಗೆ ಉಳಿಸಿದ ನಲವತ್ತು ರೂಪಾಯಿಯನ್ನು ಲಾಭ ಅಂತ ಬರೆದುಕೊಳ್ಳುತ್ತಿದ್ದ. ನಲವತ್ತರ ಲೆಕ್ಕ ಇಟ್ಟವನು ಮೂರು ದಿನದ ಲೆಕ್ಕ ಇಟ್ಟಿರಲಿಲ್ಲ.

ಹೌದು, ಮೂರು ದಿನ. ಪಂದ್ಯ ಎರಡು ದಿನದ್ದು. ಮರುದಿನ ಬೆಳಿಗ್ಗೆ ವಾಪಸು ಬರುವುದಕ್ಕೆ ಅರ್ಧ ದಿನ. ಎರಡೂವರೆ ಸಾವಿರ ಫೋಟೋದಲ್ಲಿ ಕಣ್ಣು ಮುಚ್ಚಿದ್ದು, ರೆಫರಿಯ ಬೆನ್ನು ಅಡ್ಡ ಬಂದದ್ದು ತೆಗೆದುಹಾಕಿ, ಉಳಿದ ಇನ್ನೂರನ್ನು ಸರಿಮಾಡಿ ಕಳಿಸುವುದಕ್ಕೆ ಇನ್ನರ್ಧ ದಿನ. ಈಗ ಕಳೆಯೋಣ. ಅವರು ಕೊಡುವುದು ಆರು ಸಾವಿರ, ಪೆಟ್ರೋಲಿಗೆ ಐನೂರು. ಅದರಲ್ಲಿ ರೂಮು 1,600, ಊಟ 900, ಬೈಕು 1,000. ಉಳಿದದ್ದು ಮೂರು ಸಾವಿರ. ದಿನಕ್ಕೆ ಸಾವಿರ.

"ಪರವಾಗಿಲ್ಲ ಬಿಡ್ರೀ, ಸಾವಿರ ಅಂದ್ರೆ ಕೂಲಿಗಿಂತ ಮೇಲು" ಅಂದ. ಕ್ಯಾಮೆರಾ ಅಪ್ಪನ ಮನೆಯಿಂದ ಪುಕ್ಕಟೆ ಬಂದಿದ್ದರೆ ಪರವಾಗಿರಲಿಲ್ಲ. ಆಟದ ಫೋಟೋಗೆ ಮದುವೆಯ ಕ್ಯಾಮೆರಾ ಸಾಲದು. ರೈಡರ್ ಗೆರೆ ಮುಟ್ಟಲು ಕೈ ಚಾಚಿದ ಆ ಒಂದು ಗಳಿಗೆ ಹಿಡಿಯಲು ಸಾವಿರದ ಒಂದನೇ ಭಾಗದಷ್ಟು ಸೆಕೆಂಡಿನ ಶಟರ್ ಬೇಕು. ಊರ ಮೈದಾನದ ಮಬ್ಬು ಫ್ಲಡ್‌ಲೈಟಿನಲ್ಲಿ ಆ ವೇಗ ಸಿಗಬೇಕಾದರೆ 70–200ರ ಎಫ್ 2.8 ಲೆನ್ಸು ಬೇಕು, ಹೆಚ್ಚಿನ ಐಎಸ್‌ಒ ತಡೆದುಕೊಳ್ಳುವ ಬಾಡಿ ಬೇಕು. ಎರಡೂ ಸೇರಿ ನಾಲ್ಕು ಲಕ್ಷ. ಅವನ ಹಳೆಯ ಕ್ಯಾಮೆರಾ ನಿಕಾನ್ ಡಿ500. ಕಂಪನಿಯೇ ಅದರ ಶಟರಿಗೆ ಎರಡು ಲಕ್ಷ ಸಲದ ಆಯುಷ್ಯ ಹೇಳಿದೆ. ಒಂದು ಕಬಡ್ಡಿ ಟೂರ್ನಿಗೆ ಎರಡೂವರೆ ಸಾವಿರ ಸಲ ಒತ್ತಿದರೆ ಎಂಬತ್ತು ಟೂರ್ನಿಗೆ ಕ್ಯಾಮೆರಾದ ಲೆಕ್ಕ ಮುಗಿಯಿತು. ಎತ್ತಿಗಾದರೂ ವಯಸ್ಸಾದದ್ದು ಹಲ್ಲು ನೋಡಿದರೆ ತಿಳಿಯುತ್ತದೆ. ಕ್ಯಾಮೆರಾ ಫೈನಲ್ಲಿನ ಕೊನೆಯ ರೈಡಿನಲ್ಲಿ ತಟಕ್ಕನೆ ನಿಂತು ತಿಳಿಸುತ್ತದೆ.

ನಾಲ್ಕು ಲಕ್ಷದ ಸಾಮಾನು ನಾಲ್ಕು ವರ್ಷ ದುಡಿಯುತ್ತದೆ ಅಂತ ಹಿಡಿದರೆ ವರ್ಷಕ್ಕೆ ಒಂದು ಲಕ್ಷ. ರಿಪೇರಿ, ವಿಮೆ, ಕಾರ್ಡು, ಲ್ಯಾಪ್‌ಟಾಪು, ಸಾಫ್ಟ್‌ವೇರು, ನೆಟ್ಟು ಸೇರಿ ಎಂಬತ್ತು ಸಾವಿರ. ಮನೆಗೆ ತಿಂಗಳಿಗೆ ಇಪ್ಪತ್ತೈದು ಸಾವಿರದಂತೆ ಮೂರು ಲಕ್ಷ. ಒಟ್ಟು 4.80 ಲಕ್ಷ. ವರ್ಷದಲ್ಲಿ ಅವನಿಗೆ ದುಡ್ಡು ಬರುವ ದಿನಗಳು ಎಷ್ಟು? ಮದುವೆ, ಸೀಮಂತ, ಶಾಲೆಯ ವಾರ್ಷಿಕೋತ್ಸವ, ಆಟ ಎಲ್ಲ ಸೇರಿ ಬೆರಳು ಮಡಿಸಿ ಎಣಿಸಿದ: ನೂರಿಪ್ಪತ್ತು. ಆಷಾಢದಲ್ಲಿ ಮದುವೆಯಿಲ್ಲ, ಮಳೆಗಾಲದಲ್ಲಿ ಮೈದಾನವಿಲ್ಲ, ಪರೀಕ್ಷೆಯ ತಿಂಗಳಲ್ಲಿ ಶಾಲೆಗಳಿಲ್ಲ. 4.80 ಲಕ್ಷವನ್ನು ನೂರಿಪ್ಪತ್ತರಿಂದ ಭಾಗಿಸಿದರೆ ನಾಲ್ಕು ಸಾವಿರ. ಮನೆಯಿಂದ ಹೊರಗೆ ಕಾಲಿಡುವ ದಿನಕ್ಕೆ ಅದು ಅವನ ತಳದ ದರ. ಅದರಲ್ಲಿ ಸಾವಿರದ ಐನೂರು ಬರೀ ಸಾಮಾನಿನ ಪಾಲು. ದಿನಕ್ಕೆ ಸಾವಿರ ಉಳಿದರೆ, ಕರ್ನೂಲಿನವರ ಕಬಡ್ಡಿಗೆ ದಿನಕ್ಕೆ ಐನೂರು ರೂಪಾಯಿ ತಾನೇ ಚಂದಾ ಕೊಟ್ಟು ಬಂದಂತೆ.

ಹುಡುಗ ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿದ. ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದ, ಪಾಪ.

ಸರಿಯಾಗಿ ಕೇಳಿದ್ದರೆ ಎಷ್ಟಾಗಬೇಕಿತ್ತು? ಎರಡು ದಿನದ ಕೆಲಸಕ್ಕೆ ಎಂಟು ಸಾವಿರ, ದಾರಿಯ ಅರ್ಧ ದಿನಕ್ಕೆ ಎರಡು, ಫೋಟೋ ತಯಾರು ಮಾಡುವ ಅರ್ಧ ದಿನಕ್ಕೆ ಎರಡು, ಬೈಕು ಸಾವಿರ, ರೂಮು ಊಟ ಎರಡೂವರೆ. ಹದಿನೈದು ಸಾವಿರದ ಐನೂರು. ಅಷ್ಟು ಕೇಳಿದರೆ ಕಮಿಟಿಯವರು ನಗುತ್ತಾರೆ ಅನ್ನುತ್ತೀರಿ. ನಗಬಹುದು. ಆದರೆ ಹದಿನೈದೂವರೆ ಅಂತ ತನಗೆ ಗೊತ್ತಿರುವವನು ಹತ್ತಕ್ಕೆ ಒಪ್ಪಿದರೆ ಅದು ಚೌಕಾಸಿ. ಗೊತ್ತಿಲ್ಲದವನು ಆರಕ್ಕೆ ಒಪ್ಪಿದರೆ ಅದು ಚೌಕಾಸಿಯೂ ಅಲ್ಲ.

ಈ ಪೈಕಿ ಎಲ್ಲರೂ ತಕರಾರು ತೆಗೆಯುವ ಸಾಲು ಒಂದೇ: ದಾರಿಯ ಅರ್ಧ ದಿನಕ್ಕೆ ಎರಡು ಸಾವಿರ. "ಬಸ್ಸಿನಾಗ ಕೂತು ಬರಾದಕ್ಕೂ ರೊಕ್ಕ ಏನ್ರೀ?" ಅಂತ ಒಬ್ಬ ಸಂಘಟಕರು ನನ್ನನ್ನೇ ಒಮ್ಮೆ ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕೋಸಿಗಿ, ಪೆದ್ದಕಡುಬೂರಿನಿಂದ ಮೆಣಸಿನಕಾಯಿ ಬಿಡಿಸಲು ಗುಂಟೂರಿನ ಕಡೆಗೆ ಸುಗ್ಗಿಗೆ ಹೋಗುವ ಕೂಲಿಯವರನ್ನು ಕೇಳಿ. ಗಾಡಿ ಯಾರದು, ಮುಂಗಡ ಎಷ್ಟು, ಇರಲು ಜಾಗ ಎಲ್ಲಿ ಅಂತ ತೀರ್ಮಾನ ಆಗದೆ ಅವರು ಗಂಟು ಕಟ್ಟುವುದಿಲ್ಲ. ನಮ್ಮ ಕಡೆಯ ಬಯಲಾಟದವರಿಗೂ ಬಾಜಾಭಜಂತ್ರಿಯವರಿಗೂ ಅಷ್ಟೇ. ಒಂದು ರಾತ್ರಿಯ ಆಟಕ್ಕೆ ವೀಳ್ಯ ಕೊಡುವಾಗ ಆ ರಾತ್ರಿಯ ಕುಣಿತವನ್ನು ಮಾತ್ರ ಯಾರೂ ಎಣಿಸುವುದಿಲ್ಲ. ಹೊರಡುವ ಹಗಲು, ಮರುದಿನ ನಿದ್ದೆಗಣ್ಣಿನಲ್ಲಿ ಮರಳುವ ಹಗಲು ಎರಡೂ ಆ ಮೊತ್ತದಲ್ಲಿ ಸೇರಿರುತ್ತವೆ. ಯಾಕೆಂದರೆ ಆ ಹೊತ್ತಿನಲ್ಲಿ ಬಾಜಾದವನು ಇನ್ನೊಬ್ಬರ ಮನೆಯಲ್ಲಿ ಬಾರಿಸಲಾರ. ಕ್ಯಾಮೆರಾದವನೂ ಬಸ್ಸಿನಲ್ಲಿ ಕೂತ ಹೊತ್ತಿನಲ್ಲಿ ಆದೋನಿಯ ಮದುವೆಯಲ್ಲಿ ಇರಲಾರ. ಓದು ಬಾರದ ಕಸುಬುದಾರರು ತಲೆಮಾರಿನ ಹಿಂದೆಯೇ ಬಗೆಹರಿಸಿಕೊಂಡ ಲೆಕ್ಕ ಇದು. ಡಿಗ್ರಿ ಓದಿ ಕ್ಯಾಮೆರಾ ಹಿಡಿದ ನಾವು ಸಂಕೋಚ ಪಡುತ್ತೇವೆ.

ವೀಳ್ಯದ ಮಾತಿಗೆ ಇನ್ನೊಂದು ಪದ ನೆನಪಾಯಿತು: ಸಂಚಕಾರ. ಹಳಬರು ಮುಂಗಡ ಹಣಕ್ಕೆ ಹಾಗೆ ಅನ್ನುತ್ತಿದ್ದರು. ಈಗ ಜೀವಕ್ಕೆ ಸಂಚಕಾರ ಬಂತು ಅನ್ನುವಾಗ ಮಾತ್ರ ಆ ಪದ ಬಾಯಿಗೆ ಬರುತ್ತದೆ. ಮುಂಗಡವಿಲ್ಲದೆ ದೂರದೂರಿನ ಕೆಲಸ ಒಪ್ಪಿಕೊಳ್ಳುವವನಿಗೆ ಎರಡನೆಯ ಅರ್ಥವೇ ಗಟ್ಟಿ. ಅರ್ಧ ಮೊತ್ತ ಹೊರಡುವ ಮೊದಲು ಬರಬೇಕು. ಮಳೆ ಬಂದು ಪಂದ್ಯ ನಿಂತರೆ, ಲೀಡರು ತೀರಿಕೊಂಡು ಟೂರ್ನಿ ಮುಂದಕ್ಕೆ ಹೋದರೆ, ಎಲ್ಲಿಯವರೆಗೆ ಬಂದಿದ್ದೆವೋ ಅಲ್ಲಿಯವರೆಗಿನ ದಿನದ ಲೆಕ್ಕ ಅದರಿಂದ ಮುರಿದುಕೊಳ್ಳಬೇಕು. ಇದನ್ನು ಮೊದಲೇ ಹೇಳಿದರೆ ಯಾರಿಗೂ ಬೇಸರವಿಲ್ಲ. ಎಮ್ಮಿಗನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದ ಮೇಲೆ "ಮ್ಯಾಚ್ ಕ್ಯಾನ್ಸಲ್ ಅಂತಪ್ಪ" ಅನ್ನುವ ಫೋನು ಬಂದಾಗ ಹೇಳಿದರೆ ಜಗಳ.

ನಮ್ಮ ಭಾಗದ ದಾರಿಗಳಿಗೆ ಇನ್ನೊಂದು ವಿಚಿತ್ರ ಇದೆ. 1953ರ ಅಕ್ಟೋಬರ್ 1ರವರೆಗೆ ಆದೋನಿ, ಆಲೂರು ಬಳ್ಳಾರಿ ಜಿಲ್ಲೆಯ ತಾಲೂಕುಗಳು. ಆವತ್ತು ಜಿಲ್ಲೆ ಒಡೆದು ನಾವು ಆಂಧ್ರದ ಕಡೆ ಉಳಿದೆವು. ಆದರೆ ಮನೆಮಾತು, ಬೀಗಸ್ತನ, ಜಾತ್ರೆ, ಟೂರ್ನಿ ಯಾವುದೂ ಗೆರೆ ಕೇಳಲಿಲ್ಲ. ಕನ್ನಡ ಮಾಧ್ಯಮದ ಹುಡುಗರು ಮಂಡಲ ಮಟ್ಟದ ಖೋಖೋ ಆಡುವುದು ಆಂಧ್ರದಲ್ಲಿ, ಅವರ ಅಣ್ಣಂದಿರು ಟೆನಿಸ್ ಬಾಲ್ ಕ್ರಿಕೆಟ್ ಆಡುವುದು ಸಿರುಗುಪ್ಪದಲ್ಲಿ. ಫೋಟೋದವನು ವಾರಕ್ಕೆ ಎರಡು ರಾಜ್ಯ ಸುತ್ತುತ್ತಾನೆ. ಬೇರೆ ರಾಜ್ಯದವರಿಗೆ ಬಿಲ್ಲು ಕೊಟ್ಟರೆ ಜಿಎಸ್‌ಟಿ ನೋಂದಣಿ ಬೇಕೇ ಅಂತ ಕೆಲವರಿಗೆ ಹೆದರಿಕೆ. ವರ್ಷದ ವಹಿವಾಟು ಇಪ್ಪತ್ತು ಲಕ್ಷ ದಾಟದ ಸೇವೆಗೆ, ರಾಜ್ಯದ ಗೆರೆ ದಾಟಿದರೂ ನೋಂದಣಿ ಕಡ್ಡಾಯವಲ್ಲ. 2017ರ ಅಕ್ಟೋಬರಿನಿಂದ ಈ ವಿನಾಯಿತಿ ಇದೆ. ಕಾಲೇಜು, ಕಂಪನಿಗಳು ಟಿಡಿಎಸ್ ಹಿಡಿದರೆ ಹೆದರಬೇಡಿ, ರಿಟರ್ನ್ ಹಾಕಿದರೆ ಲೆಕ್ಕಕ್ಕೆ ಬರುತ್ತದೆ. ಒಂದೇ ಎಚ್ಚರ: ರೂಮು, ಬಸ್ಸಿನ ಖರ್ಚನ್ನು ಫೀಸಿನ ಜೊತೆ ಒಂದೇ ಮೊತ್ತ ಮಾಡಿ ಬರೆದರೆ ಅದರ ಮೇಲೂ ಟಿಡಿಎಸ್ ಹಿಡಿಯುತ್ತಾರೆ. ಚೀಟಿಗಳನ್ನು ಇಟ್ಟು ಬೇರೆ ಬಿಲ್ಲು ಕೊಡಿ.

ಇನ್ನು ಹಕ್ಕಿನ ವಿಷಯ. ನಮ್ಮವರು ಇದರ ಬಗ್ಗೆ ಮಾತೇ ಆಡುವುದಿಲ್ಲ, ದುಡ್ಡು ಸೋರುವ ದೊಡ್ಡ ತೂತು ಮಾತ್ರ ಇಲ್ಲೇ ಇದೆ.

ವರ್ಷಗಳ ಹಿಂದೆ ಒಂದು ಕಾಲೇಜಿನ ಕ್ರೀಡಾಕೂಟಕ್ಕೆ ಹೋಗಿದ್ದೆ. ಹೈಜಂಪಿನಲ್ಲಿ ಒಬ್ಬ ಹುಡುಗಿ ಕೋಲಿನ ಮೇಲೆ ಬೆನ್ನು ಬಾಗಿಸಿ ತೇಲಿದ ಒಂದು ಫೋಟೋ ಸಿಕ್ಕಿತು. ಜೀವನದಲ್ಲಿ ಅಂಥದ್ದು ನಾಲ್ಕೈದು ಸಲ ಸಿಗುತ್ತದೆ. ಮರುವರ್ಷ ಅಡ್ಮಿಷನ್ ಸಮಯಕ್ಕೆ ಅದೇ ಫೋಟೋ ಮೂವತ್ತು ಅಡಿಯ ಫ್ಲೆಕ್ಸಾಗಿ ಸರ್ಕಲ್ಲಿನಲ್ಲಿ ನಿಂತಿತ್ತು, ಬಸ್ಸುಗಳ ಬೆನ್ನ ಮೇಲೂ ಇತ್ತು. ಹೆಸರಿಲ್ಲ, ಒಂದು ಫೋನಿಲ್ಲ. ಕೇಳಲು ಹೋದೆ. "ದುಡ್ಡು ಕೊಟ್ಟು ತೆಗೆಸಿದ್ದಲ್ಲವಾ?" ಅಂದರು. ಸಿಟ್ಟಿನಿಂದ ವಕೀಲರ ಹತ್ತಿರ ಹೋದರೆ ಅವರು ನಕ್ಕು ಅದನ್ನೇ ಹೇಳಿದರು.

1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ಒಬ್ಬರು ಹೇಳಿ, ಹಣ ಕೊಟ್ಟು ತೆಗೆಸಿದ ಫೋಟೋದ ಮೊದಲ ಒಡೆಯ ತೆಗೆಸಿದವನು, ಬೇರೆ ಥರ ಒಪ್ಪಂದ ಆಗಿರದಿದ್ದರೆ. ಈ ಕೊನೆಯ ತುಂಡಿನಲ್ಲೇ ನಮ್ಮ ಅನ್ನ ಇದೆ. ಒಪ್ಪಂದ ಅಂದರೆ ಸ್ಟಾಂಪ್ ಪೇಪರ್ ಬೇಕಿಲ್ಲ. ಕೆಲಸಕ್ಕೆ ಮುಂಚೆ ಕಳಿಸುವ ವಾಟ್ಸಾಪ್ ಮೆಸೇಜಿನಲ್ಲಿ "ಫೋಟೋಗಳ ಹಕ್ಕು ನನ್ನದು, ನಿಮ್ಮ ಟೂರ್ನಿಯ ಪ್ರಚಾರಕ್ಕೆ, ಪೇಪರಿನ ಸುದ್ದಿಗೆ ಬಳಸಬಹುದು, ಜಾಹೀರಾತಿಗೆ ಬೇರೆ ಮಾತಾಡಬೇಕು" ಅಂತ ಎರಡು ಸಾಲು ಬರೆದು, ಅವರು "ಓಕೆ" ಅಂದದ್ದನ್ನು ಉಳಿಸಿಕೊಂಡರೂ ಕೈಯಲ್ಲಿ ಒಂದು ಆಧಾರ ಇರುತ್ತದೆ. ಹಕ್ಕನ್ನೂ ಕೊಡಿ ಅಂತ ಅವರು ಕೇಳಿದರೆ ಕೊಡಿ, ಅದಕ್ಕೆ ಬೆಲೆ ಹೇಳಿ. ಹಾಗೆ ಬರೆದುಕೊಡುವಾಗ ಎಷ್ಟು ವರ್ಷಕ್ಕೆ ಅಂತ ನಮೂದಿಸದಿದ್ದರೆ ಕಾನೂನು ಅದನ್ನು ಐದು ವರ್ಷ ಅಂತ ಓದುತ್ತದೆ. ಹಕ್ಕು ಯಾರಿಗೇ ಹೋಗಲಿ, ಇದನ್ನು ತೆಗೆದವನು ನಾನು ಅಂತ ಹೇಳಿಕೊಳ್ಳುವ ಅಧಿಕಾರ 57ನೇ ಸೆಕ್ಷನ್ನಿನಲ್ಲಿ ತೆಗೆದವನಿಗೇ ಉಳಿದಿದೆ. ಆ ಫ್ಲೆಕ್ಸಿನ ಮೂಲೆಯಲ್ಲಿ ನನ್ನ ಹೆಸರು ಕೇಳಬಹುದಿತ್ತು. ನನಗೆ ಗೊತ್ತಾಗುವಷ್ಟರಲ್ಲಿ ಫ್ಲೆಕ್ಸು ಯಾರದೋ ಕಣದಲ್ಲಿ ಶೇಂಗಾ ಮುಚ್ಚುತ್ತಿತ್ತು.

1947ರಲ್ಲಿ ಫೋಟೋಗ್ರಾಫರುಗಳಾದ ರಾಬರ್ಟ್ ಕಾಪಾ, ಆನ್ರಿ ಕಾರ್ಟಿಯೆ ಬ್ರೆಸಾನ್ ಮತ್ತು ಗೆಳೆಯರು ಮ್ಯಾಗ್ನಂ ಎಂಬ ಫೋಟೋ ಏಜೆನ್ಸಿ ಕಟ್ಟಿದ್ದು ಮುಖ್ಯವಾಗಿ ಇದಕ್ಕೇ: ಪತ್ರಿಕೆ ದುಡ್ಡು ಕೊಟ್ಟರೂ ಫೋಟೋದ ಹಕ್ಕು ತೆಗೆದವನಲ್ಲೇ ಉಳಿಯಬೇಕು, ಒಂದು ಫೋಟೋ ಹತ್ತು ಸಲ ದುಡಿಯಬೇಕು. ಯುದ್ಧಭೂಮಿಯಿಂದ ಬಂದವರ ಈ ಲೆಕ್ಕಕ್ಕೂ ಹೊಳಗುಂದದ ಕಬಡ್ಡಿಗೂ ಏನು ಸಂಬಂಧ ಅಂತ ನಗಬೇಡಿ. ಸಂಬಂಧವನ್ನು ನಮ್ಮ ಎತ್ತುಗಳೇ ತೋರಿಸುತ್ತವೆ.

ಜಾತ್ರೆ, ಯುಗಾದಿ ಬಂತೆಂದರೆ ಕರ್ನೂಲು ಸೀಮೆಯಲ್ಲಿ ಎತ್ತುಗಳಿಂದ ಬಂಡೆ ಎಳೆಸುವ ಪಂದ್ಯ. ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು, ಆರು ಹಲ್ಲು, ಸೀನಿಯರ್ ಅಂತ ವಿಭಾಗಗಳು. ಗೊತ್ತಾದ ನಿಮಿಷಗಳಲ್ಲಿ ಯಾವ ಜೋಡಿ ಬಂಡೆಯನ್ನು ಹೆಚ್ಚು ದೂರ ಎಳೆಯಿತೋ ಅದಕ್ಕೆ ಬಹುಮಾನ. ಫೋಟೋದವನು ಹಗ್ಗದ ಒಳಗೆ ಮೊಣಕೈ ಊರಿ ಮಲಗಿರುತ್ತಾನೆ. ಎದುರಿನಿಂದ ಒಂಗೋಲು ಎತ್ತುಗಳು ತಲೆ ನೆಲಕ್ಕಿಟ್ಟು, ಕುತ್ತಿಗೆಯ ನರ ಹಗ್ಗದಂತೆ ಎದ್ದು, ಗೊರಸಿನಡಿಯ ಕೆಂಪು ದೂಳು ಹೊಗೆಯಾಗಿ ಬರುತ್ತಿರುತ್ತವೆ. ನಗಾರಿ, ಸೀಟಿ, ಕೇಕೆಯ ನಡುವೆ ಹಿಂದಿನಿಂದ ಯಾರೋ ಅಂಗಿ ಹಿಡಿದು ಎಳೆದಾಗಲೇ ಬಂಡೆ ಎಷ್ಟು ಹತ್ತಿರ ಬಂತು ಅಂತ ಗೊತ್ತಾಗುವುದು. ಆ ದೂಳು ಲೆನ್ಸಿನ ಸಂದಿಗೆ ಹೋದರೆ ಕ್ಲೀನಿಂಗಿಗೆ ಹೈದರಾಬಾದಿಗೋ ಬೆಂಗಳೂರಿಗೋ ಕಳಿಸಬೇಕು. ನಾನಂತೂ ಬಂಡೆಯ ಪಂದ್ಯಕ್ಕೆ ದಿನದ ದರದ ಮೇಲೆ ಐನೂರು ಹೆಚ್ಚು ಹೇಳುತ್ತಿದ್ದೆ. ದೂಳಿನ ಬಾಬ್ತು ಅಂತಲೇ ಬಾಯಿಬಿಟ್ಟು ಹೇಳುತ್ತಿದ್ದೆ. ಯಾರೂ ಕಮ್ಮಿ ಮಾಡು ಅನ್ನಲಿಲ್ಲ, ಎಲ್ಲರ ತಲೆಯ ಮೇಲೂ ಅದೇ ದೂಳು ಇತ್ತಲ್ಲ.

ಇಲ್ಲಿ ನಿಜವಾದ ಗಿರಾಕಿ ಕಮಿಟಿ ಅಲ್ಲ, ಎತ್ತಿನ ಯಜಮಾನ. ಗೆದ್ದ ಜೋಡಿಯ ಫೋಟೋವನ್ನು ಅವನು ಮಗನ ಮದುವೆಯ ಫೋಟೋಕ್ಕಿಂತ ದೊಡ್ಡ ಫ್ರೇಮಿಗೆ ಹಾಕಿಸುತ್ತಾನೆ. ಸೋತವನೂ ಕೊಳ್ಳುತ್ತಾನೆ. ಒಂದೊಂದು ಪಂದ್ಯಕ್ಕೆ ಹದಿನೈದಿಪ್ಪತ್ತು ಜೋಡಿ ಬಂದರೆ ಲೆಕ್ಕ ನೀವೇ ಹಾಕಿ. ಆದರೆ ಹಕ್ಕು ಕಮಿಟಿಗೆ ಹೋಗಿದ್ದರೆ ಹೀಗೆ ಮಾರಲು ಬರುವುದಿಲ್ಲ. ಅದಕ್ಕೆ ಕೆಲವು ಜಾಣರು ಕಮಿಟಿಯ ದುಡ್ಡೇ ಬೇಡ, ಹಗ್ಗದ ಒಳಗೆ ಬಿಟ್ಟರೆ ಸಾಕು, ಊಟ ಹಾಕಿ ಅನ್ನುತ್ತಾರೆ. ದಾರಿ ಖರ್ಚು ತಮ್ಮದು, ಫೋಟೋ ತಮ್ಮದು. ಕೆಲವೊಮ್ಮೆ ಇದರಲ್ಲೇ ಲಾಭ ಹೆಚ್ಚು.

ಆದರೆ ಸ್ವಂತ ಖರ್ಚಿನಲ್ಲಿ ಹೋಗುವ ಮೊದಲು ಒಂದನ್ನು ಕೇಳಿಕೊಳ್ಳಬೇಕು: ಅಲ್ಲಿ ಬೇರೆ ಯಾರಿದ್ದಾರೆ? 2024ರ ಸೆಪ್ಟೆಂಬರಿನಲ್ಲಿ ಅನಂತಪುರದ ಆರ್‌ಡಿಟಿ ಮೈದಾನದಲ್ಲಿ ದುಲೀಪ್ ಟ್ರೋಫಿ ನಡೆದಾಗ ನಮ್ಮ ಹುಡುಗನಿಗೂ ಹೋಗುವ ಹುಚ್ಚು ಹಿಡಿದಿತ್ತು. ಗುಂತಕಲ್ ಮೇಲೆ ರೈಲಿನಲ್ಲಿ ಹೋದರೆ ಖರ್ಚೂ ಕಮ್ಮಿ. ದೊಡ್ಡ ಆಟಗಾರರನ್ನು ಹತ್ತಿರದಿಂದ ನೋಡುವ ಸಂತೋಷಕ್ಕೆ ಹೋಗುವುದಾದರೆ ಹೋಗು ಅಂದೆ. ಅಂಥ ಪಂದ್ಯದ ಫೋಟೋ ಏಜೆನ್ಸಿಗಳಿಂದ ಪೇಪರಿಗೆ ನಿಮಿಷದಲ್ಲಿ ಬರುತ್ತದೆ, ಇವನ ಫೋಟೋಗೆ ಯಾರು ಕಾಯುತ್ತಾರೆ? ಅಲ್ಲಿ ಗೆರೆಯ ಒಳಗೆ ಯಾರು ಕೂರಬೇಕು ಅನ್ನುವುದೂ ಸಂಘಟಕರ ಕೈಯಲ್ಲಿ. 2012ರ ನವೆಂಬರಿನಲ್ಲಿ ಇಂಗ್ಲೆಂಡ್ ತಂಡ ಭಾರತಕ್ಕೆ ಬಂದಾಗ ಬಿಸಿಸಿಐ ಗೆಟ್ಟಿಯಂಥ ಫೋಟೋ ಏಜೆನ್ಸಿಗಳಿಗೆ ಪಾಸು ಕೊಡಲಿಲ್ಲ. ಅದನ್ನು ವಿರೋಧಿಸಿ ರಾಯ್ಟರ್ಸ್, ಎಪಿ, ಎಎಫ್‌ಪಿ ಆ ಸರಣಿಯ ಫೋಟೋ ಕೊಡುವುದನ್ನೇ ನಿಲ್ಲಿಸಿದವು. ಆನೆಗಳೇ ಹಗ್ಗದ ಹೊರಗೆ ನಿಂತ ಕತೆ ಅದು. ಅದೇ ಕೌತಾಳದ ಶಾಲಾ ಖೋಖೋದಲ್ಲಿ ನೀವೊಬ್ಬರೇ ಕ್ಯಾಮೆರಾದವರು. ಅಲ್ಲಿ ಆಡುವ ಯಾವ ಹುಡುಗಿಯ ಮನೆಯಲ್ಲೂ ಅವಳು ಓಡುತ್ತಿರುವ ಒಂದು ಒಳ್ಳೆಯ ಫೋಟೋ ಇಲ್ಲ.

ದೇವರಗಟ್ಟಿನ ಮಾತು ಬೇರೆ. ವಿಜಯದಶಮಿಯ ರಾತ್ರಿ ಮಾಳಮಲ್ಲೇಶ್ವರನ ಬನ್ನಿ ಆಟ ಅಲ್ಲಿ. ಆಟ ಅಂತ ಹೆಸರಷ್ಟೇ, ಉತ್ಸವಮೂರ್ತಿಗಾಗಿ ಊರೂರಿನವರು ದೊಣ್ಣೆ ಹಿಡಿದು ಕಾದಾಡುವ ಆಚರಣೆ ಅದು. ಪೊಲೀಸರು ಎಷ್ಟು ತಡೆದರೂ ಪ್ರತಿ ವರ್ಷ ತಲೆ ಒಡೆದುಕೊಂಡವರು ಆದೋನಿ, ಆಲೂರಿನ ಆಸ್ಪತ್ರೆಗೆ ಬರುತ್ತಾರೆ. ದೂರದ ಪತ್ರಿಕೆಗಳು, ಚಾನೆಲ್ಲುಗಳು ಆ ರಾತ್ರಿಗೆ ಊರಿನ ಹುಡುಗರನ್ನು ಫೋನ್ ಮಾಡಿ ಹಿಡಿಯುತ್ತವೆ. "ಎರಡು ಫೋಟೋ ಸಾಕು, ಸಾವಿರ ಕೊಡ್ತೀವಿ" ಅಂತ. ಪಂಜಿನ ಬೆಳಕು, ನೂಕುನುಗ್ಗಲು, ದೊಣ್ಣೆಗೆ ಪೇಪರಿನವನು ಯಾರು ಊರವನು ಯಾರು ಅಂತ ಗೊತ್ತಾಗುವುದಿಲ್ಲ. ಆ ಕೆಲಸಕ್ಕೆ ನನ್ನ ದರ ಒಂದೇ ಇತ್ತು: ದಿನದ ದರದ ಎರಡರಷ್ಟು, ಕ್ಯಾಮೆರಾ ಒಡೆದರೆ ರಿಪೇರಿ ಅವರದು ಅಂತ ಬರವಣಿಗೆಯಲ್ಲಿ. ಒಪ್ಪಿದವರು ಕಮ್ಮಿ. ಒಪ್ಪದಿದ್ದ ವರ್ಷ ಮನೆಯಲ್ಲಿ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದು ಮಲಗಿದ್ದೇನೆ, ತಲೆ ನೆಟ್ಟಗಿದೆ.

ಎಲ್ಲರಿಗೂ ಹದಿನೈದು ಸಾವಿರದ ಪಟ್ಟಿ ಓದಬೇಕು ಅಂತ ನಾನು ಹೇಳುತ್ತಿಲ್ಲ. ಸರ್ಕಾರಿ ಶಾಲೆಯ ಪಿಇಟಿ ಮೇಷ್ಟ್ರು ಸ್ವಂತ ಜೇಬಿನಿಂದ ಹುಡುಗರಿಗೆ ಬಾಳೆಹಣ್ಣು ತಂದು ಕೂಟ ಮಾಡುವುದನ್ನು ನೋಡಿದ್ದೇನೆ. ಅಂಥ ಕಡೆ ಬಸ್ ಚಾರ್ಜು ತಗೊಂಡು ಕೆಲಸ ಮಾಡಿದ್ದೇನೆ, ಕೆಲವು ಸಲ ಅದನ್ನೂ ತಗೊಂಡಿಲ್ಲ. ಆದರೆ ಆಗಲೂ ಪೂರ್ತಿ ಬಿಲ್ಲು ಬರೆದು, ಕೆಳಗೆ ರಿಯಾಯಿತಿ ಅಂತ ಹಾಕಿ ಕೊಡಿ. ಬಿಟ್ಟುಕೊಟ್ಟದ್ದು ಎಷ್ಟು ಅಂತ ಮೇಷ್ಟ್ರಿಗೂ ನಿಮಗೂ ಗೊತ್ತಿರುತ್ತದೆ, ಮುಂದಿನ ವರ್ಷ ಬರುವ ಹೊಸ ಹುಡುಗನಿಗೂ ಒಂದು ದರ ಉಳಿದಿರುತ್ತದೆ. ಬೆಳ್ಳಿಯ ಗದೆ, ಒಂದು ಲಕ್ಷ ಬಹುಮಾನ, ಡಿಜೆ ಇರುವ ಟೂರ್ನಿಗೆ ಈ ಧರ್ಮ ಬೇಡ.

ಹುಡುಗ ಕೈ ತೊಳೆದು ಬಂದು ಆ ಸಂಘಟಕರಿಗೆ ವಾಪಸು ಫೋನ್ ಮಾಡಿದ. "ಅಣ್ಣಾ, ಆರಕ್ಕೆ ಆಗಲ್ರೀ. ಹೋಗಿಬರೋ ಖರ್ಚು, ರೂಮು, ಊಟ ಬ್ಯಾರೆ ಕೊಡ್ರಿ. ಫೀಸು ಹತ್ತು. ಫೋಟೋ ನಿಮ್ಮ ಫೇಸ್‌ಬುಕ್ಕಿಗೆ, ಪೇಪರಿಗೆ ಹಾಕ್ಕಳ್ರಿ, ಬ್ಯಾರೆದಕ್ಕೆ ಬೇಕಂದ್ರ ಕೇಳ್ರಿ." ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ರೂಮು ನಮ್ ಹುಡುಗರ ಜೊತಿಗೆ ಇದ್ರೆ ಆಗಲ್ಲೇನಪ್ಪ? ಎಂಟು ಮಾಡಿಕೋ" ಅಂದರು. ಬೀಗ ಇರುವ ರೂಮಾದರೆ ಆಗುತ್ತದೆ ಅಂದ. ಎಂಟೂವರೆಗೆ ನಿಂತಿತು, ದಾರಿ ಖರ್ಚು, ಊಟ ಬೇರೆ. ನನ್ನ ಲೆಕ್ಕಕ್ಕೆ ಇನ್ನೂ ಮೂರೂವರೆ ಸಾವಿರ ಕಮ್ಮಿ. ಆದರೆ ಮೊದಲು ಹೇಳಿದ ಆರು ಸಾವಿರಕ್ಕೆ ಹೋಲಿಸಿದರೆ ಇವನ ಕೈಗೆ ಉಳಿಯುವುದು ಮೂರು ಸಾವಿರದ ಜಾಗದಲ್ಲಿ ಎಂಟೂವರೆ.

ಟೂರ್ನಿ ಮಾಡುವವರಲ್ಲಿ, ಜಾತ್ರೆ ಕಮಿಟಿಯವರಲ್ಲಿ ಒಂದೇ ಕೋರಿಕೆ. ಜಾತ್ರೆ ಮುಗಿದ ಮೇಲೆ ನೀವು ಗುಡಿಯ ಗೋಡೆಗೆ ಅಂಟಿಸುವ ಜಮಾಖರ್ಚಿನ ಹಾಳೆಯಲ್ಲಿ ಶಾಮಿಯಾನಕ್ಕೆ ಒಂದು ಸಾಲಿದೆ, ಮೈಕಿನವನಿಗೆ, ಬಾಜಾದವರಿಗೆ, ಹಾರ ಶಾಲಿಗೆ ಒಂದೊಂದು ಸಾಲಿದೆ. ಫೋಟೋದವನು ಕೊನೆಯಲ್ಲಿ "ಇತರೆ"ಯ ಒಳಗೆ ಇರುತ್ತಾನೆ. ಮುಂದಿನ ವರ್ಷ ಚಂದಾ ಎತ್ತಲು ಕೂತ ದಿನವೇ ಅವನಿಗೂ ಒಂದು ಸಾಲು ಬರೆಯಿರಿ, ಅದರ ಕೆಳಗೆ ದಾರಿ ಖರ್ಚಿಗೆ ಇನ್ನೊಂದು.